ಹಳೆಯ ಕಾರಿಗೆ ಪವರ್ ಸ್ಟೀರಿಂಗ್ ಹಾಕಿಸಿದ ಮೇಲೆ ಸಡಿಲ ಅನಿಸುವುದೇಕೆ? ಸ್ಕ್ರೂ ಬಿಗಿ ಮಾಡಿದರೆ ಸರಿಹೋಗುತ್ತದೆಯೇ?

1951ರಲ್ಲಿ ಅಮೆರಿಕದ ಕ್ರೈಸ್ಲರ್ ಇಂಪೀರಿಯಲ್ ಕಾರಿನೊಂದಿಗೆ ಪವರ್ ಸ್ಟೀರಿಂಗ್ ಮಾರುಕಟ್ಟೆಗೆ ಬಂತು. ಆದರೂ 1960ರ ದಶಕದ ಎಷ್ಟೋ ಕಾರುಗಳು ಸಾದಾ ಸ್ಟೀರಿಂಗ್‌ನೊಂದಿಗೇ ಮಾರಾಟವಾದವು. ಇಂದು ಅವುಗಳಿಗೆ ಪವರ್ ಸ್ಟೀರಿಂಗ್ ಅಳವಡಿಸುವ ಹವ್ಯಾಸಿಗಳು ಬಹಳ ಮಂದಿ. ಅವರಲ್ಲಿ ಸಾಮಾನ್ಯವಾಗಿ ಕೇಳಿಬರುವ ದೂರು ಒಂದೇ: “ಹೆದ್ದಾರಿಯಲ್ಲಿ ಕಾರು ಅತ್ತಿತ್ತ ಎಳೆಯುತ್ತದೆ, ಸ್ಟೀರಿಂಗ್ ಸಡಿಲವಾಗಿದೆ.” ಸ್ಟೀರಿಂಗ್ ಬಾಕ್ಸ್ ಮೇಲಿನ ಸ್ಕ್ರೂ ಬಿಗಿ ಮಾಡಿದರೆ ಸಾಕು ಎಂಬ ಸಲಹೆಯೂ ಜೊತೆಗೇ ಸಿಗುತ್ತದೆ. ಇದು ಎಷ್ಟು ಸರಿ? ನೋಡೋಣ.

ಸಡಿಲ ಬೇರೆ, ಹಗುರ ಬೇರೆ

ಚಕ್ರ ಹೊರಳದೆ ಸ್ಟೀರಿಂಗ್ ಮಾತ್ರ ತಿರುಗಿದರೆ ಅದು ಸಡಿಲ. ಬೆರಳು ತಾಗಿಸಿದರೂ ಕಾರು ಹೊರಳಿದರೆ ಅದು ಹಗುರ. ಎರಡಕ್ಕೂ ಕಾರಣ ಬೇರೆ, ಪರಿಹಾರವೂ ಬೇರೆ.

ಹೈಡ್ರಾಲಿಕ್ ಪವರ್ ಸ್ಟೀರಿಂಗ್‌ನೊಳಗೆ ತೆಳುವಾದ ಟಾರ್ಷನ್ ಬಾರ್ ಇರುತ್ತದೆ. ನಾವು ಸ್ಟೀರಿಂಗ್ ತಿರುಗಿಸಿದಾಗ ಅದು ತುಸು ತಿರುಚಿಕೊಂಡು ಕವಾಟ ತೆರೆಯುತ್ತದೆ, ಎಣ್ಣೆಯ ಒತ್ತಡ ಗೇರಿಗೆ ನೆರವಾಗುತ್ತದೆ. ಆದ್ದರಿಂದ ಎಂಜಿನ್ ಆಫ್ ಇದ್ದಾಗ ಕಾಣುವ ಅಲ್ಪ ಅಲುಗಾಟವೆಲ್ಲ ದೋಷವಲ್ಲ. ಎಂಜಿನ್ ಚಾಲೂ ಇಟ್ಟೇ ಪರೀಕ್ಷಿಸಬೇಕು.

ಮಸ್ಟಾಂಗ್ 2 ಮಾದರಿಯ ರ‍್ಯಾಕ್‌ಗೆ ಜನರಲ್ ಮೋಟಾರ್ಸ್ ಪಂಪ್ ಜೋಡಿಸಿದಾಗ ಎರಡನೆಯ ತೊಂದರೆ ಕಾಣಿಸುತ್ತದೆ. ಆ ಪಂಪ್‌ನ ಒತ್ತಡ 1,000 ಪಿಎಸ್‌ಐಗಿಂತ ಹೆಚ್ಚು, ರ‍್ಯಾಕ್‌ಗೆ ಬೇಕಿರುವುದು ಅದಕ್ಕಿಂತ ಕಡಿಮೆ. ಇಲ್ಲಿ ಏನನ್ನು ಬಿಗಿ ಮಾಡಿದರೂ ಪ್ರಯೋಜನವಿಲ್ಲ. ಪಂಪ್‌ನ ಒತ್ತಡವನ್ನು ಇಳಿಸಬೇಕು.

ಸ್ಕ್ರೂ ತಿರುಗಿಸುವುದರಲ್ಲಿ ಏನು ಅಪಾಯ?

ಸ್ಟೀರಿಂಗ್ ಬಾಕ್ಸ್‌ನ ಹಲ್ಲುಗಳು ನಟ್ಟನಡುವೆ ಮಾತ್ರ ಅತಿ ಬಿಗಿಯಾಗಿ ಕೂಡುವಂತೆ ರೂಪಿಸಲಾಗಿರುತ್ತದೆ. ನೇರ ರಸ್ತೆಯಲ್ಲಿ ಹಿಡಿತ ಸಿಗಲಿ ಎಂಬುದು ಉದ್ದೇಶ. ಬಾಕ್ಸ್ ಬದಲಿಸುವಾಗ ಈ ನಡು ತಪ್ಪಿದರೆ ಹೊಸ ಬಾಕ್ಸ್ ಕೂಡ ಸಡಿಲ ಅನಿಸುತ್ತದೆ. ಆಗ ಸ್ಕ್ರೂ ಬಿಗಿದರೆ ನಡುವಿನಲ್ಲಿ ಹಲ್ಲುಗಳು ಹಿಡಿದುಕೊಳ್ಳುತ್ತವೆ. ತಿರುವಿನ ನಂತರ ಸ್ಟೀರಿಂಗ್ ತಾನಾಗಿ ಮರಳುವುದಿಲ್ಲ, ಗೇರು ಬೇಗ ಸವೆಯುತ್ತದೆ.

ಸರಿಯಾದ ಕ್ರಮ ಯಾವುದು?

ಮೊದಲು ಒಬ್ಬರು ಸ್ಟೀರಿಂಗನ್ನು ಮೆಲ್ಲಗೆ ಅತ್ತಿತ್ತ ಆಡಿಸಲಿ, ಇನ್ನೊಬ್ಬರು ಪ್ರತಿ ಕೀಲನ್ನೂ ಗಮನಿಸಲಿ. ಕಾಲಂ ಕೆಳಗಿನ ರಬ್ಬರ್ ಕಪ್ಲಿಂಗ್, ಬಾಕ್ಸ್ ಕಟ್ಟಿರುವ ಬೋಲ್ಟ್‌ಗಳು, ಪಿಟ್ಮನ್ ಆರ್ಮ್, ಐಡ್ಲರ್ ಆರ್ಮ್, ಟೈ ರಾಡ್ ತುದಿಗಳು: ಇವುಗಳಲ್ಲಿ ಯಾವುದು ಸವೆದಿದ್ದರೂ ಬದಲಿಸಬೇಕು. ಸವೆದ ಟೈ ರಾಡ್ ತುದಿ ಓಡುವಾಗ ಕಳಚಿದರೆ ಕಾರು ಹಿಡಿತಕ್ಕೆ ಸಿಗುವುದಿಲ್ಲ.

ಆಮೇಲೆ ಬಾಕ್ಸ್‌ನ ನಡುವನ್ನು ಹುಡುಕಬೇಕು. ಲಿಂಕೇಜ್ ಕಳಚಿ, ಒಂದು ತುದಿಯಿಂದ ಇನ್ನೊಂದು ತುದಿಗೆ ಸ್ಟೀರಿಂಗ್ ಎಷ್ಟು ಸುತ್ತು ತಿರುಗುತ್ತದೆಂದು ಎಣಿಸಿ ಅರ್ಧಕ್ಕೆ ನಿಲ್ಲಿಸಬೇಕು. ಲಿಂಕೇಜ್ ಮತ್ತೆ ಜೋಡಿಸಿ, ಚಕ್ರಗಳು ನೇರವಾಗುವಂತೆ ಟೈ ರಾಡ್‌ಗಳನ್ನು ಹೊಂದಿಸಬೇಕು. ಇಷ್ಟಾದ ಮೇಲೂ ಸಡಿಲ ಉಳಿದರೆ ಮಾತ್ರ ಸ್ಕ್ರೂ, ಅದೂ ತಯಾರಕರ ಅಳತೆಯಂತೆ.

ಕೊನೆಯದು ಅಲೈನ್‌ಮೆಂಟ್. ಸಾದಾ ಸ್ಟೀರಿಂಗ್ ತಿರುಗಿಸಲು ಸುಲಭವಾಗಲೆಂದು ಆ ಕಾಲದಲ್ಲಿ ಕ್ಯಾಸ್ಟರ್ ಕೋನವನ್ನು ಶೂನ್ಯದ ಆಸುಪಾಸಿನಲ್ಲಿ ಇಡುತ್ತಿದ್ದರು. ಸೈಕಲ್‌ನ ಮುಂದಿನ ಫೋರ್ಕ್ ಹಿಂದಕ್ಕೆ ಓರೆಯಾಗಿರುವುದರಿಂದಲೇ ಚಕ್ರ ನೇರಕ್ಕೆ ಮರಳಲು ನೋಡುತ್ತದೆ. ಕಾರಿನ ಕ್ಯಾಸ್ಟರ್ ಮಾಡುವುದೂ ಅದನ್ನೇ. ಪವರ್ ಸ್ಟೀರಿಂಗ್ ಮತ್ತು ರೇಡಿಯಲ್ ಟೈರ್ ಇರುವಾಗ, ಸಸ್ಪೆನ್ಷನ್ ಅವಕಾಶ ಕೊಟ್ಟರೆ, ಇದನ್ನು 3ರಿಂದ 5 ಡಿಗ್ರಿವರೆಗೆ ಧನಾತ್ಮಕವಾಗಿ ಇಡಬಹುದು. ಅಲೆದಾಟಕ್ಕೆ ಅನೇಕ ಬಾರಿ ಇದೇ ಮದ್ದು.

ಭಾರತದಲ್ಲಿ 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 98ನೇ ನಿಯಮದಂತೆ ಸ್ಟೀರಿಂಗ್‌ನ ಸಡಿಲ ಚಲನೆ 30 ಡಿಗ್ರಿ ಮೀರುವಂತಿಲ್ಲ. ಆದರೆ ಇದು ಕಾನೂನಿನ ಗರಿಷ್ಠ ಮಿತಿ, ಒಳ್ಳೆಯ ಸ್ಟೀರಿಂಗ್‌ನ ಗುರುತಲ್ಲ.

ಒಟ್ಟಿನಲ್ಲಿ, ಸ್ಕ್ರೂ ಬಿಗಿದರೆ ಸಾಕು ಎಂಬುದು ಅರ್ಧ ಸತ್ಯ. ಕೀಲು, ನಡು, ಸ್ಕ್ರೂ, ಕೋನ, ಇದೇ ಕ್ರಮದಲ್ಲಿ ನೋಡಿಸಿ. ಸ್ಟೀರಿಂಗ್ ಬರೀ ಹಗುರವಾಗಿದ್ದರೆ ಪಂಪ್‌ನಿಂದ ಆರಂಭಿಸಿ.