ನೆಲವೇ ಡೊಂಕಾಗಿರುವಾಗ



'ಕುಣಿಯಲಾರದವಳು ನೆಲ ಡೊಂಕೆಂದಳಂತೆ' ಎಂಬ ಗಾದೆಯನ್ನು ತರಗತಿಯಲ್ಲಿ ಎಷ್ಟೋ ಬಾರಿ ವಿಸ್ತರಿಸಿ ಬರೆಸಿದ್ದೇನೆ. ಆ ಗಾದೆಯು ತಲೆಕೆಳಗಾದ ಪ್ರಸಂಗವೊಂದನ್ನು ಈಗ ನಮ್ಮ ಮರಳೂರಿನ ಹೊಸ ಬಡಾವಣೆಗಳ ಮನೆಗಳಲ್ಲಿ ಕಾಣುತ್ತಿದ್ದೇನೆ. ಇಲ್ಲಿ ನೆಲವು ನಿಜವಾಗಿಯೂ ಡೊಂಕಾಗಿದೆ. ನಾವು ಮಾತ್ರ ಕುಣಿಯುವವಳನ್ನು ಮತ್ತೆ ಮತ್ತೆ ಬದಲಾಯಿಸುತ್ತಿದ್ದೇವೆ. ದುಬಾರಿ ಧ್ವನಿಪೆಟ್ಟಿಗೆಗಳ, ಅರ್ಥಾತ್ ಸ್ಪೀಕರುಗಳ, ವಿಷಯವನ್ನೇ ಹೇಳುತ್ತಿದ್ದೇನೆ.

30–40ರ ನಿವೇಶನ, ಅದರಲ್ಲಿ 12 ಅಡಿ ಚೌಕದ ಹಾಲು. ನೆಲಕ್ಕೆ ಕನ್ನಡಿಯಂತಹ ಟೈಲ್ಸು, ಎದುರಿಗೆ ದೊಡ್ಡ ಗಾಜಿನ ಕಿಟಕಿ, ಮೇಲೆ ಕಾಂಕ್ರೀಟು ತಾರಸಿ. ಅಲ್ಲಿಗೆ ಲಕ್ಷಾಂತರ ರೂಪಾಯಿಯ ಜೋಡಿ ಸ್ಪೀಕರುಗಳು ಬಂದು ಮೂಲೆಗಳಲ್ಲಿ ಪ್ರತಿಷ್ಠಾಪನೆಗೊಳ್ಳುತ್ತವೆ. ತಿಂಗಳೊಪ್ಪತ್ತಿನಲ್ಲಿ ಯಜಮಾನನಿಗೆ ಅತೃಪ್ತಿ: ಮೃದಂಗ ಗುಂಯ್‌ಗುಡುತ್ತದೆ, ಹಾಡುವವರ ಸಾಹಿತ್ಯ ತಿಳಿಯುವುದಿಲ್ಲ. ಅಂಗಡಿಯವನ ಬಳಿ ಉತ್ತರ ಸಿದ್ಧವಾಗಿದೆ: 'ಇನ್ನೂ ಮೇಲಿನ ಮಾಡೆಲ್ ತೆಗೆದುಕೊಳ್ಳಿ, ಸರ್.' ಕಂತಿನ ಸಾಲವೂ ಸಿದ್ಧವಾಗಿದೆ. ಇದನ್ನು ರಸಿಕತೆ ಎಂದು ಒಪ್ಪಲು ನಾನು ತಯಾರಿಲ್ಲ.

ನನ್ನ ಆಕ್ಷೇಪವು ಸಂಗೀತದ ಮೇಲಲ್ಲ, ಒಳ್ಳೆಯ ಉಪಕರಣದ ಮೇಲೂ ಅಲ್ಲ. ಸ್ಪೀಕರುಗಳಲ್ಲಿ ಉತ್ತಮ, ಮಧ್ಯಮ, ಅಧಮ ಎಂಬ ಭೇದ ಖಂಡಿತವಾಗಿಯೂ ಉಂಟು. ನನ್ನ ಆಕ್ಷೇಪ, ಓದಿದ ಪಾಠವನ್ನು ಪರೀಕ್ಷೆಯ ಮಾರನೆಯ ದಿನವೇ ಕೈಬಿಡುವ ನಮ್ಮ ಸ್ವಭಾವದ ಮೇಲೆ. ಒಂಬತ್ತನೆಯ ತರಗತಿಯಲ್ಲಿ, ಪ್ರತಿಧ್ವನಿಯು ಬೇರೆಯಾಗಿ ಕೇಳಿಸಬೇಕಾದರೆ ಗೋಡೆಯು 17.2 ಮೀಟರ್ ದೂರವಿರಬೇಕೆಂದು ಬಾಯಿಪಾಠ ಮಾಡಿದವರು ನೀವೇ ಅಲ್ಲವೆ? ಹಾಗಿದ್ದರೆ 12 ಅಡಿಯ ಕೋಣೆಯಲ್ಲಿ ಪ್ರತಿಫಲಿಸಿದ ಶಬ್ದವೆಲ್ಲ ಎಲ್ಲಿಗೆ ಹೋಯಿತು? ಎಲ್ಲಿಗೂ ಹೋಗಲಿಲ್ಲ. ಅದು ಮೂಲಧ್ವನಿಯೊಡನೆ ಬೆರೆತು ಅಕ್ಷರಗಳನ್ನು ಕಲಸಿಹಾಕಿತು.

ಇನ್ನು ಆ ಗುಂಯ್‌ಗಾರ. ಶಬ್ದದ ವೇಗವು ಸೆಕೆಂಡಿಗೆ ಸುಮಾರು 344 ಮೀಟರ್. 12 ಅಡಿ ಎಂದರೆ 3.66 ಮೀಟರ್. ವೇಗವನ್ನು ಆ ಉದ್ದದ ಎರಡರಷ್ಟರಿಂದ ಭಾಗಿಸಿರಿ. 47 ಹರ್ಟ್ಜ್ ಬರುತ್ತದೆ. ಆ ಸ್ವರವು ಬಂದಾಗಲೆಲ್ಲ ಗೋಡೆ ಗೋಡೆಗಳ ನಡುವೆ ಅನುರಣನವುಂಟಾಗಿ ಅದು ಉಬ್ಬುತ್ತದೆ. ಕೋಣೆಯು ಚೌಕವಾಗಿದ್ದರೆ ಉದ್ದಕ್ಕೂ ಅಗಲಕ್ಕೂ ಅದೇ ಸಂಖ್ಯೆ, ರೋಗವು ಇಮ್ಮಡಿ. ಸ್ಪೀಕರನ್ನು ಮೂಲೆಗೆ ತಳ್ಳಿದರೆ ಆ ರೋಗಕ್ಕೆ ಮತ್ತಷ್ಟು ಪುಷ್ಟಿ. ಹೊಸ ಮಾಡೆಲ್ ಬಂದರೂ ಗೋಡೆಗಳು ಅಲ್ಲಿಯೇ ಇರುತ್ತವೆ.

ನಮ್ಮ ಹಿರಿಯರು ಇದನ್ನು ಬಲ್ಲವರಾಗಿದ್ದರು. ನೆರೆಯ ಗುಬ್ಬಿಯಲ್ಲಿ 1884ರಲ್ಲಿ ಹುಟ್ಟಿದ ನಾಟಕ ಕಂಪನಿಯ ನಟರು, ಧ್ವನಿವರ್ಧಕವಿಲ್ಲದ ಆ ಕಾಲದಲ್ಲಿ, ಕೊನೆಯ ಸಾಲಿಗೂ ಮಾತು ಮುಟ್ಟಿಸುವ ಹೊಣೆಯನ್ನು ಕಂಠದ ಮೇಲೆ ಹೊತ್ತಿದ್ದರು. ಪಿಟೀಲು ಚೌಡಯ್ಯನವರು ಹಿಂದೆ ಕುಳಿತವರಿಗೂ ಕೇಳಿಸಲೆಂದು ತಮ್ಮ ವಾದ್ಯಕ್ಕೆ ಏಳು ತಂತಿಗಳನ್ನು ಅಳವಡಿಸಿಕೊಂಡರು. ಸ್ಥಳವು ಮೊದಲು, ಸಾಧನವು ಆಮೇಲೆ ಎಂಬುದು ಅವರ ವಿವೇಕ.

ತಂತಿಯ ಮಹಾತ್ಮೆಯಂತೂ ಹೇಳತೀರದು. ಸಾವಿರಾರು ರೂಪಾಯಿಯ ಕೇಬಲ್ಲಿನಿಂದ ಗಾಯನಕ್ಕೆ 'ಪ್ರಾಣ' ಬರುತ್ತದಂತೆ! ಹತ್ತನೆಯ ತರಗತಿಯ ಓಮನ ನಿಯಮ ಸಾಕು. 2.5 ಚದರ ಮಿಲಿಮೀಟರಿನ ಸಾಮಾನ್ಯ ತಾಮ್ರದ ತಂತಿಯು, ಹೋಗಿಬರುವ ಒಟ್ಟು 10 ಮೀಟರಿಗೆ ಒಡ್ಡುವ ರೋಧ ಸುಮಾರು 0.07 ಓಮ್. ಸ್ಪೀಕರಿನದು 8 ಓಮ್. ಅಂದರೆ ನೂರಕ್ಕೆ ಒಂದು ಪಾಲೂ ಇಲ್ಲ. 'ಕಿವಿಗೆ ತಿಳಿಯುತ್ತದೆ ಸರ್' ಎನ್ನುವವರು ಒಂದು ಕೆಲಸ ಮಾಡಲಿ. ಮನೆಯಾಕೆಯು ಮರೆಯಲ್ಲಿ ತಂತಿಗಳನ್ನು ಹತ್ತು ಬಾರಿ ಮನಬಂದಂತೆ ಬದಲಿಸಲಿ. ಯಾವುದು ಯಾವುದೆಂದು ಇವರು ಹೇಳಲಿ. ಹತ್ತಕ್ಕೆ ಒಂಬತ್ತು ಅಂಕ ಬಂದರೆ ನಾನು ಬಾಯಿ ಮುಚ್ಚುತ್ತೇನೆ.

ಹಣ ಅವರದು, ನಿಮಗೇಕೆ ಚಿಂತೆ ಎಂದು ಕೇಳಬಹುದು. ಹಾಲು ಎಂಬುದು ಮನೆಯವರೆಲ್ಲರ ಸ್ವತ್ತು. ಕೇಳಲು ಯೋಗ್ಯವಾದ ಕುರ್ಚಿ ಒಂದೇ ಎಂದಾದಾಗ ವೃದ್ಧ ತಂದೆಯ ಆರಾಮಕುರ್ಚಿ ಒಳಕೋಣೆಗೆ ಹೋಗುತ್ತದೆ. ಮಕ್ಕಳಿಗೆ 'ಮುಟ್ಟಬೇಡ' ಎಂಬ ಆಜ್ಞೆ ಹೊರಡುತ್ತದೆ. ರೇಡಿಯೋದ ಸುತ್ತ ಕುಳಿತು ಒಟ್ಟಿಗೆ ಕೇಳಿದ ಕುಟುಂಬವು ಒಬ್ಬನ ಆಲಿಕೆಗಾಗಿ ಚದುರಿಹೋಗುತ್ತದೆ. ಗೋಡೆಯಾಚೆಗೆ ಎಸ್ಸೆಸ್ಸೆಲ್ಸಿ ಓದುವ ಮಗುವೂ ಇದೆ. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬೆಲ್ ಎಂದು ಮಿತಿ ಹಾಕಿವೆ. ಶ್ರೀಮಂತ ಸ್ಪೀಕರಿಗೆ ಅದರಲ್ಲಿ ವಿನಾಯಿತಿಯಿಲ್ಲ.

ಆದುದರಿಂದ ಹೊಸದನ್ನು ಕೊಳ್ಳುವ ಮೊದಲು ಒಂದು ತಿಂಗಳು ಹೀಗೆ ಮಾಡಿರಿ. ಸ್ಪೀಕರುಗಳನ್ನು ಮೂಲೆಯಿಂದ ಬಿಡಿಸಿ, ಗೋಡೆಯಿಂದ ಎರಡು ಮೂರು ಅಡಿ ಮುಂದೆ ಇಡಿರಿ. ಎರಡರ ನಡುವಿನ ಅಂತರವೂ ಅವುಗಳಿಂದ ನಿಮಗಿರುವ ಅಂತರವೂ ಹೆಚ್ಚುಕಡಮೆ ಸಮವಾಗಿರಲಿ. ಸಣ್ಣ ಸ್ವರದ ಟ್ವೀಟರು ಕುಳಿತವರ ಕಿವಿಯ ಎತ್ತರಕ್ಕಿರಲಿ. ಹಿಂಗೋಡೆಗೆ ಒರಗಿ ಕೂರದಿರಿ. ಗುಂಯ್‌ಗಾರವು ಅಲ್ಲಿಯೇ ಅತಿ ಹೆಚ್ಚು. ನಿಮಗೂ ಸ್ಪೀಕರಿಗೂ ನಡುವಿನ ನೆಲಕ್ಕೆ ದಪ್ಪ ಜಮಖಾನೆ ಹಾಸಿ, ಗಾಜಿಗೆ ಮಡಿಕೆಯುಳ್ಳ ಪರದೆ ಬಿಡಿ. ಹಿಂಗೋಡೆಗೆ ಪುಸ್ತಕಗಳ ಕಪಾಟು ಬರಲಿ. ಶಬ್ದವನ್ನು ಚದುರಿಸುವುದಕ್ಕೂ ಆಯಿತು, ಓದುವುದಕ್ಕೂ ಆಯಿತು. ತೆಳುಪರದೆಯು ತಾರಸ್ವರವನ್ನಷ್ಟೇ ಹೀರುತ್ತದೆ, ಮಂದ್ರವನ್ನಲ್ಲ ಎಂಬುದು ನೆನಪಿರಲಿ. ಮಂದ್ರಕ್ಕೆ ಮದ್ದು ಸ್ಪೀಕರನ್ನೂ ಕುರ್ಚಿಯನ್ನೂ ಸರಿಸಿ ಸರಿಸಿ ನೋಡುವುದೇ. ಇದಕ್ಕೆ ಬೇಕಾದುದು ತಾಳ್ಮೆ ಮತ್ತು ಅಳತೆಪಟ್ಟಿ.

ಇಷ್ಟಾದ ಮೇಲೂ ಕೊರತೆಯೆನಿಸಿದರೆ, ಸಾಲವಿಲ್ಲದ ಹಣದಲ್ಲಿ, ಸಂತೋಷದಿಂದ ಹೊಸದನ್ನು ಕೊಳ್ಳಿರಿ; ನಾನೇ ಬಂದು ಕೇಳುತ್ತೇನೆ. ಆದರೆ ಹಾಲಿನಲ್ಲಿ ಕುರ್ಚಿಗಳು ಒಂದಕ್ಕಿಂತ ಹೆಚ್ಚಿರಲಿ.