‘ನಮ್ಮಂಥೋರಿಗೆ ಆಗೋದಲ್ಲ’ ಅನ್ನೋ ಮುಂಚೆ ಒಂದಿಷ್ಟು ವಿಚಾರಿಸಿ

ಸುದ್ದಿಗೆಂದು ಹಳ್ಳಿಹಳ್ಳಿ ಸುತ್ತುವ ನಮಗೆ ಒಂದು ಮಾತು ಪದೇ ಪದೇ ಕೇಳಿಸುತ್ತದೆ. ‘ಅದೆಲ್ಲ ನಮ್ಮಂಥೋರಿಗೆ ಆಗೋದಲ್ಲ ಬಿಡಿ ಸಾರ್.’ ಡಿಗ್ರಿ ಮುಗಿಸಿ ಮನೆಯಲ್ಲಿರುವ ಹುಡುಗ ಹೀಗೆ ಹೇಳುತ್ತಾನೆ. ಹೊಲಿಗೆ ಅಂಗಡಿ ಇಡುವ ಆಸೆಯಿರುವ ಅಕ್ಕ ಹೇಳುತ್ತಾರೆ. ಪಿಯುಸಿಯಲ್ಲಿ ಒಳ್ಳೆಯ ಅಂಕ ತೆಗೆದ ಹುಡುಗಿಯ ಅಪ್ಪನೂ ಅದನ್ನೇ ಹೇಳುತ್ತಾರೆ.

ಮೊಬೈಲ್ ತೆರೆದರೆ ಇದಕ್ಕೆ ಮದ್ದು ಬೇಕಾದಷ್ಟಿದೆ. ‘ಕನಸು ಕಾಣಿ, ಗೆದ್ದೇ ಗೆಲ್ಲುತ್ತೀರಿ’ ಎನ್ನುವ ಭಾಷಣಗಳು. ಕೇಳುವಾಗ ಮೈ ಜುಮ್ಮೆನ್ನುತ್ತದೆ. ಬೆಳಗ್ಗೆ ಡೇರಿಗೆ ಹಾಲು ಹಾಕಿ ಬರುವಷ್ಟರಲ್ಲಿ ಆ ಹುಮ್ಮಸ್ಸು ಇಳಿದುಹೋಗಿರುತ್ತದೆ.

ನಮ್ಮ ಅಭಿಪ್ರಾಯ ಬೇರೆ. ಹಳ್ಳಿಯ ಮಕ್ಕಳ ಅಳುಕಿನಲ್ಲಿ ಬಹುಪಾಲು ಧೈರ್ಯದ ಕೊರತೆ ಅಲ್ಲ, ಮಾಹಿತಿಯ ಕೊರತೆ. ದಾರಿ ಯಾವುದೆಂದು ಯಾರೂ ಹೇಳದೆ ಇದ್ದಾಗ ‘ದಾರಿಯೇ ಇಲ್ಲ’ ಎಂದು ಅನ್ನಿಸುವುದು ಸಹಜ. ಅದನ್ನು ಅವರ ದೌರ್ಬಲ್ಯ ಎಂದು ಬೈಯುವುದು ಅನ್ಯಾಯ.

ಇಂಗ್ಲಿಷ್ ವಿಷಯವನ್ನೇ ತೆಗೆದುಕೊಳ್ಳಿ. ‘ಇಂಗ್ಲಿಷ್ ಬರಲ್ಲ, ಐಎಎಸ್ ಮಾತು ಯಾಕೆ’ ಎನ್ನುವವರು ಬಹಳ. ಆದರೆ ಯುಪಿಎಸ್‌ಸಿ ನಾಗರಿಕ ಸೇವಾ ಪರೀಕ್ಷೆಯ ಮುಖ್ಯ ಹಂತದಲ್ಲಿ ಉತ್ತರವನ್ನು ಕನ್ನಡದಲ್ಲೇ ಬರೆಯಬಹುದು. ಸಂದರ್ಶನದಲ್ಲೂ ಕನ್ನಡದಲ್ಲಿ ಮಾತಾಡಬಹುದು. ಕನ್ನಡ ಸಾಹಿತ್ಯವನ್ನು ಐಚ್ಛಿಕ ವಿಷಯವಾಗಿ ತೆಗೆದುಕೊಳ್ಳಬಹುದು. ಹಾಗಂತ ಇಂಗ್ಲಿಷ್ ಬೇಡವೇ ಬೇಡ ಎಂದು ನಾವು ಹೇಳುವುದಿಲ್ಲ. ಪೂರ್ವಭಾವಿ ಪರೀಕ್ಷೆಯ ಪ್ರಶ್ನೆಗಳು ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ ಇರುತ್ತವೆ. ಮುಖ್ಯ ಪರೀಕ್ಷೆಯಲ್ಲಿ ಒಂದು ಇಂಗ್ಲಿಷ್ ಪತ್ರಿಕೆ ಪಾಸಾಗಲೇಬೇಕು, ಆದರೆ ಅದರ ಅಂಕ ರ‍್ಯಾಂಕಿಗೆ ಸೇರುವುದಿಲ್ಲ. ಅಂದರೆ ಓದಿ ಅರ್ಥ ಮಾಡಿಕೊಳ್ಳುವಷ್ಟು ಇಂಗ್ಲಿಷ್ ಬೇಕು, ಪಟಪಟ ಮಾತಾಡುವಷ್ಟು ಬೇಕಿಲ್ಲ. ಈ ಎರಡರ ನಡುವಿನ ವ್ಯತ್ಯಾಸ ಗೊತ್ತಾದರೆ ಅರ್ಧ ಭಯ ಅಲ್ಲೇ ಕರಗುತ್ತದೆ.

ಐಎಎಸ್ ಒಂದೇ ಅಲ್ಲ. ಬಿಎಸ್‌ಎಫ್, ಸಿಆರ್‌ಪಿಎಫ್ ಮುಂತಾದ ಪಡೆಗಳ ಕಾನ್‌ಸ್ಟೆಬಲ್ ನೇಮಕಾತಿ ಪರೀಕ್ಷೆ 2024ರಿಂದ ಕನ್ನಡದಲ್ಲೂ ನಡೆಯುತ್ತಿದೆ. ವೈದ್ಯಕೀಯ ಸೀಟಿನ ನೀಟ್ ಪ್ರಶ್ನೆಪತ್ರಿಕೆ ಕನ್ನಡದಲ್ಲೂ ಸಿಗುತ್ತದೆ. ರಾಜ್ಯ ಸರ್ಕಾರದ ನೇರ ನೇಮಕಾತಿಯಲ್ಲಿ ಗ್ರಾಮೀಣ ಅಭ್ಯರ್ಥಿಗಳಿಗೆ ಶೇ 25, ಕನ್ನಡ ಮಾಧ್ಯಮದವರಿಗೆ ಶೇ 5 ಮೀಸಲಾತಿ ಇದೆ. ಅದಕ್ಕೆ ಓದಿದ ಶಾಲೆಯಿಂದ ಪ್ರಮಾಣಪತ್ರ ತರಬೇಕು, ಗ್ರಾಮೀಣ ಪ್ರಮಾಣಪತ್ರಕ್ಕೆ ಬಿಇಒ ಮೇಲುಸಹಿಯೂ ಬೇಕು. ಅರ್ಜಿ ಕರೆದ ಮೇಲೆ ಓಡಾಡಿದರೆ ಕೊನೇ ದಿನಾಂಕ ದಾಟಿಹೋಗುತ್ತದೆ. ಈಗಲೇ ಮಾಡಿಸಿ ಇಟ್ಟುಕೊಳ್ಳಿ. ಹಳ್ಳಿ ಶಾಲೆಯಲ್ಲಿ, ಕನ್ನಡದಲ್ಲಿ ಓದಿದ್ದನ್ನು ನಾವು ಕೊರತೆ ಎಂದುಕೊಂಡಿದ್ದೇವೆ. ನೇಮಕಾತಿ ನಿಯಮದಲ್ಲಿ ಅದು ಅರ್ಹತೆ.

ಮಾಹಿತಿ ಸಿಕ್ಕಮೇಲೂ ಅಳುಕು ಪೂರ್ತಿ ಹೋಗುವುದಿಲ್ಲ. ಉಳಿದದ್ದು ಕೆಲಸ ಮಾಡುತ್ತ ಮಾಡುತ್ತ ಹೋಗುವಂಥದ್ದು. ಕೋಲಾರ ಜಿಲ್ಲೆಯ ಕೆ.ಆರ್. ನಂದಿನಿ ಅವರು ಸರ್ಕಾರಿ ಶಾಲಾ ಶಿಕ್ಷಕರ ಮಗಳು. ಕನ್ನಡ ಸಾಹಿತ್ಯವನ್ನೇ ಐಚ್ಛಿಕ ವಿಷಯವಾಗಿ ಆರಿಸಿಕೊಂಡವರು. 2014ರ ಪರೀಕ್ಷೆಯಲ್ಲಿ ಅವರಿಗೆ ಬಂದದ್ದು 849ನೇ ರ‍್ಯಾಂಕ್. 2016ರ ಪರೀಕ್ಷೆಯಲ್ಲಿ ಇಡೀ ದೇಶಕ್ಕೆ 1ನೇ ರ‍್ಯಾಂಕ್. ನಾವು ಅವರ ಫೋಟೊ ನೋಡಿದ್ದು 1 ಬಂದ ಮೇಲೆ. 849 ಬಂದಾಗ ‘ನನ್ನ ಮಟ್ಟ ಇಷ್ಟೇ’ ಎಂದು ಅವರು ನಿಂತುಬಿಟ್ಟಿದ್ದರೆ ಆ ಫೋಟೊ ಇರುತ್ತಿರಲಿಲ್ಲ.

ಇನ್ನು ಓದುವ ವಯಸ್ಸೇ ದಾಟಿದವರು? ಅವರಿಗೆ ದಕ್ಷಿಣ ಕನ್ನಡದ ಹರೇಕಳ ಹಾಜಬ್ಬ ಅವರಿದ್ದಾರೆ. ಮಂಗಳೂರಿನಲ್ಲಿ ಬುಟ್ಟಿ ಹೊತ್ತು ಕಿತ್ತಳೆ ಮಾರುತ್ತಿದ್ದವರು. ಒಮ್ಮೆ ವಿದೇಶಿಯರು ಇಂಗ್ಲಿಷಿನಲ್ಲಿ ಹಣ್ಣಿನ ಬೆಲೆ ಕೇಳಿದರು, ಇವರಿಗೆ ಅರ್ಥವಾಗಲಿಲ್ಲ. ಅಂಥ ಅವಮಾನ ನಮ್ಮಲ್ಲಿ ಯಾರಿಗೆ ಆಗಿಲ್ಲ ಹೇಳಿ? ‘ನಾನು ಓದಿಲ್ಲ, ನನ್ನ ಹಣೆಬರಹ’ ಎಂದು ಅವರು ಸುಮ್ಮನಾಗಬಹುದಿತ್ತು. ಅದರ ಬದಲು, ನಮ್ಮೂರಲ್ಲಿ ಶಾಲೆ ಯಾಕಿಲ್ಲ ಎಂದು ಕೇಳಿಕೊಂಡರು. ಹಣ್ಣು ಮಾರಿದ ದುಡ್ಡಿನಲ್ಲಿ ಉಳಿಸುತ್ತ, ಕಚೇರಿಗಳಿಗೆ ಅಲೆಯುತ್ತ, 2000ನೇ ಇಸವಿಯ ಹೊತ್ತಿಗೆ ಊರಿಗೆ ಶಾಲೆ ತಂದರು. 2020ರಲ್ಲಿ ಪದ್ಮಶ್ರೀ ಘೋಷಣೆಯಾಯಿತು. 2021ರಲ್ಲಿ ರಾಷ್ಟ್ರಪತಿಗಳಿಂದ ಅದನ್ನು ಬರಿಗಾಲಲ್ಲೇ ಹೋಗಿ ಪಡೆದರು.

ಹಾಜಬ್ಬ ಅವರಿಂದ ನಾವು ಕಲಿಯಬೇಕಾದ್ದು ಇದು. ‘ನನ್ನಿಂದ ಆಗುತ್ತಾ?’ ಎನ್ನುವುದಕ್ಕೆ ಕೂತಲ್ಲೇ ಉತ್ತರ ಸಿಗುವುದಿಲ್ಲ. ‘ಇದಕ್ಕೆ ಏನು ಬೇಕು? ಎಲ್ಲಿ ಸಿಗುತ್ತದೆ? ಯಾರನ್ನು ಕೇಳಬೇಕು?’ ಎಂದು ಕೇಳಿಕೊಂಡರೆ ನಾಳೆ ಬೆಳಗ್ಗೆ ಮಾಡಲು ಒಂದು ಕೆಲಸ ಸಿಗುತ್ತದೆ.

ಒಂದು ಮಾತು ಸ್ಪಷ್ಟವಾಗಿರಲಿ. ಎಲ್ಲ ಹಿಂಜರಿಕೆಯೂ ಸುಳ್ಳಲ್ಲ. ಮನೆಯಲ್ಲಿ ಸಾಲವಿದೆ, ಅಮ್ಮನಿಗೆ ಹುಷಾರಿಲ್ಲ, ಕೋಚಿಂಗಿಗೆ ದುಡ್ಡಿಲ್ಲ ಎನ್ನುವುದು ಅಳುಕಲ್ಲ, ಲೆಕ್ಕ. ‘ಫೇಲಾದರೆ ಏನಮ್ಮಾ ಗತಿ?’ ಎಂದು ಕೇಳುವ ಅಪ್ಪ ಕನಸಿಗೆ ಶತ್ರು ಅಲ್ಲ. ಅವರಿಗೆ ಭಾಷಣ ಬೇಡ, ಲೆಕ್ಕ ಕೊಡಿ. ಎಷ್ಟು ತಿಂಗಳು, ಎಷ್ಟು ಖರ್ಚು, ಆಗದಿದ್ದರೆ ಮುಂದಿನ ದಾರಿ ಯಾವುದು ಎಂದು ಹಾಳೆಯಲ್ಲಿ ಬರೆದು ಎದುರಿಗೆ ಕೂತು ಹೇಳಿ. ಬಹಳ ಸಲ ಅಪ್ಪನ ಭಯಕ್ಕಿಂತ ಮೊದಲು ನಿಮ್ಮದೇ ಭಯ ಕಡಿಮೆಯಾಗುತ್ತದೆ.

ಊರಿನ ಪಾಲೂ ಇದರಲ್ಲಿದೆ. ಓದುತ್ತಿರುವ ಹುಡುಗಿಯನ್ನು ‘ಇನ್ನೂ ಓದ್ತಾನೇ ಇದೀಯಾ?’ ಎಂದು ಬಸ್‌ಸ್ಟ್ಯಾಂಡಿನಲ್ಲಿ ಕಿಚಾಯಿಸುವುದನ್ನು ಬಿಡೋಣ. ಪಂಚಾಯಿತಿಯ ಅರಿವು ಕೇಂದ್ರದಲ್ಲಿ ನೇಮಕಾತಿ, ವಿದ್ಯಾರ್ಥಿವೇತನ, ತರಬೇತಿಯ ಪ್ರಕಟಣೆಗಳನ್ನು ಬೋರ್ಡಿಗೆ ಅಂಟಿಸಲು ಮೇಲ್ವಿಚಾರಕರನ್ನು ಕೇಳೋಣ. ಕೆಲಸ ಸಿಕ್ಕಿ ಊರು ಬಿಟ್ಟವರು ಹಬ್ಬಕ್ಕೆ ಬಂದಾಗ ಒಂದು ಸಂಜೆ ಅರಳೀಕಟ್ಟೆಯಲ್ಲಿ ಕೂತು, ಎಷ್ಟು ಸಲ ಫೇಲಾದೆವು, ಹೇಗೆ ಎದ್ದೆವು ಎಂದು ಕಿರಿಯರಿಗೆ ಹೇಳಲಿ. ಅದಕ್ಕೆ ಶಾಮಿಯಾನವೂ ಬೇಡ, ಮೈಕೂ ಬೇಡ.