ಕಣ್ಣಿಗೆ ಕಣ್ಣು ಕೂಡಿಸುವ ಹಟ ಏಕೆ?

ಹಿರಿಯರು ಮಾತನಾಡಿಸುವಾಗ ತಲೆ ತಗ್ಗಿಸಿ ನಿಲ್ಲುವುದೇ ಮರ್ಯಾದೆ ಎಂದು ಮಕ್ಕಳಿಗೆ ಕಲಿಸಿದ ಸಮಾಜ ನಮ್ಮದು. ಆಟಿಸಂ ಇರುವ ಮಗುವನ್ನು ಥೆರಪಿಗೆ ಕರೆದೊಯ್ದರೆ ಮಾತ್ರ ಗುರಿಗಳ ಪಟ್ಟಿಯಲ್ಲಿ 'ಐ ಕಾಂಟ್ಯಾಕ್ಟ್' ಮೇಲೆಯೇ ಇರುತ್ತದೆ. ಮುಖ ನೋಡಿದರೆ ಬಿಸ್ಕತ್ತು, ನೋಡದಿದ್ದರೆ ಇಲ್ಲ. ಎದುರಿನವರ ಕಣ್ಣನ್ನೇ ನೋಡುತ್ತಿದ್ದರೆ ಮಾತು ತಲೆಗೆ ಹೋಗುವುದಿಲ್ಲ, ಬೇರೆಡೆ ನೋಡಿದಾಗಲೇ ಚೆನ್ನಾಗಿ ಕೇಳಿಸುತ್ತದೆ ಎಂದು ಆಟಿಸಂ ಇರುವ ಅನೇಕ ವಯಸ್ಕರು ಹೇಳುತ್ತಲೇ ಬಂದಿದ್ದಾರೆ. ಹಾಗಾದರೆ ಈ ಗುರಿ ಯಾರಿಗಾಗಿ?

ಇದರ ಬೇರು ಅಮೆರಿಕದಲ್ಲಿದೆ. ಕ್ಯಾಲಿಫೋರ್ನಿಯಾದ ಮನೋವಿಜ್ಞಾನಿ ಇವಾರ್ ಲೋವಾಸ್ 1987ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 19 ಪುಟ್ಟ ಮಕ್ಕಳಿಗೆ ವಾರಕ್ಕೆ ಸುಮಾರು 40 ಗಂಟೆ ವರ್ತನಾ ತರಬೇತಿ ಕೊಡಲಾಯಿತು. ಗಟ್ಟಿಯಾಗಿ ಗದರುವುದು, ತೊಡೆಗೆ ಏಟು ಹಾಕುವುದೂ ಅದರಲ್ಲಿ ಸೇರಿತ್ತು. ಅವರಲ್ಲಿ 9 ಮಕ್ಕಳು ಓರಗೆಯವರಂತೆಯೇ ಆದರು ಎಂಬ ಫಲಿತಾಂಶ ಜಗತ್ತಿನ ಪೋಷಕರಲ್ಲಿ ಆಸೆ ಹುಟ್ಟಿಸಿತು. ಏಟು ಕ್ರಮೇಣ ಹೋಯಿತು. ಓರಗೆಯವರಂತೆ ಕಂಡರೆ ಗೆದ್ದಂತೆ ಎಂಬ ಅಳತೆಗೋಲು ಮಾತ್ರ ಉಳಿಯಿತು.

ಆ ಅಳತೆಗೋಲಿಗೆ ತಕ್ಕಂತೆ ಬೆಳೆದವರು ಮುಖವಾಡ ಹಾಕುವುದರಲ್ಲಿ ಪಳಗುತ್ತಾರೆ. ಇಡೀ ದಿನ ನಟಿಸಿ ಸಂಜೆ ಕುಸಿಯುತ್ತಾರೆ. ಹೀಗೆ ಮರೆಮಾಚುವುದಕ್ಕೂ ಆತಂಕ, ಆತ್ಮಹತ್ಯೆಯ ಯೋಚನೆಗಳಿಗೂ ನಂಟಿರುವುದನ್ನು ಸಂಶೋಧನೆಗಳು ಗುರುತಿಸಿವೆ. ತಮಗೂ ಆಟಿಸಂ ಇರುವ ಬ್ರಿಟನ್ನಿನ ವಿದ್ವಾಂಸ ಡೇಮಿಯನ್ ಮಿಲ್ಟನ್ 2012ರಲ್ಲಿ ಇನ್ನೊಂದು ಮುಖ್ಯ ಮಾತು ಹೇಳಿದರು: ಅರ್ಥವಾಗದಿರುವುದು ಎರಡೂ ಕಡೆಯ ತೊಡಕು, ಒಬ್ಬರ ಕೊರತೆಯಲ್ಲ.

ವ್ಯಕ್ತಿಯ ನರವೈವಿಧ್ಯವನ್ನು ಒಪ್ಪಿಕೊಂಡು ನಡೆಸುವ ಥೆರಪಿ ಹುಟ್ಟಿದ್ದು ಈ ತಿಳಿವಳಿಕೆಯಿಂದ. ಮಗು ಕೈ ಕೊಡವುತ್ತಿದ್ದರೆ, ಯಾರಿಗೂ ಪೆಟ್ಟಾಗದಿದ್ದರೆ, ಕೊಡವಲಿ. ಮಾತು ಬಾರದಿದ್ದರೆ ಚಿತ್ರದ ಕಾರ್ಡು, ಟ್ಯಾಬ್ಲೆಟ್ ಕೊಡಬೇಕು. 'ಬೇಡ' ಎಂದು ಹೇಳಲು ಮೊದಲು ಕಲಿಸಬೇಕು, ಹೇಳಿದಾಗ ಕೇಳಬೇಕು. ಆಟಿಸಂಗಷ್ಟೇ ಅಲ್ಲ, ಗಮನ ನಿಲ್ಲಿಸುವುದು ಕಷ್ಟವಾಗುವ ಎಡಿಎಚ್‌ಡಿಗೂ ಇದೇ ಮಾತು. ಎಡಿಎಚ್‌ಡಿ ಇರುವ ಉದ್ಯೋಗಿಗೆ ಶಿಸ್ತಿನ ಉಪದೇಶ ಬಾಲ್ಯದಿಂದಲೇ ಸಾಕಷ್ಟಾಗಿರುತ್ತದೆ. ಅವರಿಗೆ ಬೇಕಾದದ್ದು ಕೆಲಸವನ್ನು ತುಂಡು ಮಾಡಿಕೊಳ್ಳುವ ದಾರಿ, ಕಣ್ಣೆದುರಿನ ನೆನಪೋಲೆ, ಪಕ್ಕದಲ್ಲಿ ಕೂತು ತನ್ನ ಕೆಲಸ ಮಾಡಿಕೊಳ್ಳುವ ಜೊತೆಗಾರ. ಬೇಕಿದ್ದವರಿಗೆ ಔಷಧಿಯೂ. ಔಷಧಿಯನ್ನು ದೂರುವುದೇ ಪ್ರಗತಿಪರತೆ ಎಂದುಕೊಂಡವರಿಂದ ತುಸು ದೂರವಿರುವುದು ಒಳ್ಳೆಯದು.

ತಲೆಯನ್ನು ಗೋಡೆಗೆ ಚಚ್ಚಿಕೊಳ್ಳುವ ಮಗುವಿನ ತಾಯಿಗೆ ಇದೆಲ್ಲ ದೊಡ್ಡವರ ಮಾತಿನಂತೆ ಕೇಳಿಸಬಹುದು. 'ನಾವು ಹೋದ ಮೇಲೆ ಇವನನ್ನು ನೋಡುವವರು ಯಾರು' ಎಂಬ ಅವರ ಭಯವನ್ನು ಯಾವ ಸಿದ್ಧಾಂತವೂ ತಳ್ಳಿಹಾಕುವಂತಿಲ್ಲ. ಆದರೆ ಒಪ್ಪಿಕೊಳ್ಳುವುದೆಂದರೆ ಕೈಕಟ್ಟಿ ಕೂರುವುದಲ್ಲ. ಚಚ್ಚಿಕೊಳ್ಳುವುದನ್ನು ತಡೆಯಲೇಬೇಕು; ಜೊತೆಗೇ ಹಲ್ಲುನೋವೋ, ಕಿವಿನೋವೋ, ಮಲಬದ್ಧತೆಯೋ, ಮಿಕ್ಸಿಯ ಸದ್ದೋ ಎಂದು ಹುಡುಕಬೇಕು. ಶೌಚ, ಸ್ನಾನ, ರಸ್ತೆ ದಾಟುವುದು ಕಲಿಸಲೇಬೇಕು. ಬಿಡಬೇಕಾದದ್ದು ಮಗುವಿಗೆ ಉಪಯೋಗವಿಲ್ಲದೆ, ನೋಡುವವರ ಮುಜುಗರ ತಪ್ಪಿಸಲಷ್ಟೇ ಇರುವ ಪಾಠಗಳನ್ನು.

ವ್ಯಕ್ತಿಯ ಬದಲು ಸುತ್ತಲಿನ ವ್ಯವಸ್ಥೆ ಬಾಗಲಿ ಎನ್ನುವುದಾದರೆ ಮಾತು ಥೆರಪಿ ಕೋಣೆಯಲ್ಲಿ ನಿಲ್ಲುವುದಿಲ್ಲ, ಕಾನೂನಿನವರೆಗೂ ಹೋಗುತ್ತದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಪಟ್ಟಿ ಮಾಡಿದ 21 ಬಗೆಯ ಅಂಗವೈಕಲ್ಯಗಳಲ್ಲಿ ಆಟಿಸಂ ಇದೆ, ಎಡಿಎಚ್‌ಡಿ ಇಲ್ಲ. ಅದನ್ನು ಸೇರಿಸಲು ಕಾಯ್ದೆಗೆ ತಿದ್ದುಪಡಿಯೇ ಬೇಕೆಂದಿಲ್ಲ. ಹೊಸ ವರ್ಗಗಳನ್ನು ಅಧಿಸೂಚನೆಯ ಮೂಲಕ ಸೇರಿಸುವ ಅಧಿಕಾರವನ್ನು ಅದೇ ಕಾಯ್ದೆಯ ಅನುಸೂಚಿ ಕೇಂದ್ರ ಸರ್ಕಾರಕ್ಕೆ ಕೊಟ್ಟಿದೆ.